ಶುಕ್ರವಾರದ ಕ್ಷಮಾಪಣೆ

ಇವತ್ತು ನನ್ನ ಪಾಡ್‌ಕಾಸ್ಟ್‌ನ ಪರಿಚಯದಿಂದ "ಪ್ರತಿ ಶುಕ್ರವಾರ ಹೊಸ ಕಂತು" ಅನ್ನೋ ಸಾಲನ್ನ ಅಳಿಸಿದೆ. ಇರೋದು ನಾಲ್ಕು ಪದ. ಅಳಿಸೋಕೆ ಮನಸ್ಸು ಬರೋಕೆ ಒಂದೂವರೆ ವರ್ಷ ಬೇಕಾಯ್ತು.

ಇದನ್ನ ಇಲ್ಲಿ ಬರೆಯೋಕೆ ಕಾರಣ ಇದೆ. ಕೆಲಸ, ಮನೆ, ಮಕ್ಕಳ ನಡುವೆ ಒಬ್ಬೊಬ್ಬರೇ ಕೂತು ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡೋ ಗೆಳೆಯರು ನನಗೆ ಕೆಲವರಿದ್ದಾರೆ. ಸಿಕ್ಕಾಗ ಅವರ ಬಾಯಿಂದ ಮೊದಲು ಬರೋದೇ "ಎರಡು ತಿಂಗಳಿಂದ ಏನೂ ಹಾಕಿಲ್ಲ ಮಾರಾಯ್ರೆ" ಅನ್ನೋ ಮಾತು, ಅದೂ ಸಾಲ ತೀರಿಸದವರ ದನಿಯಲ್ಲಿ. ನನ್ನ ದನಿಯೂ ಮೊನ್ನೆ ಮೊನ್ನೆವರೆಗೆ ಹಾಗೇ ಇತ್ತು.

ಕೇಳೋರಿಗೆ ಅದು ನಲವತ್ತು ನಿಮಿಷ. ಮಾಡೋರಿಗೆ ಫ್ಯಾನ್ ಆರಿಸಿ, ಬಾಗಿಲ ಸಂದಿಗೆ ಬೆಡ್‌ಶೀಟ್ ತುರುಕಿ, ಪಕ್ಕದ ಮನೆ ಮೋಟರ್ ನಿಲ್ಲೋವರೆಗೆ ಕಾದು ಮಾಡಿದ ರೆಕಾರ್ಡಿಂಗ್. ಆಮೇಲೆ ರಾತ್ರಿ ಊಟ ಆದ ಮೇಲೆ ಅಡಾಸಿಟಿ ಅನ್ನೋ ಎಡಿಟಿಂಗ್ ತಂತ್ರಾಂಶದಲ್ಲಿ ಕೂತು ಒಂದೊಂದೇ ಕೆಮ್ಮು, ಒಂದೊಂದೇ ಕುಕ್ಕರ್ ಸೀಟಿ ಕತ್ತರಿಸೋದು. ನನಗೆ ಒಂದು ಕಂತಿಗೆ ನಾಲ್ಕು ರಾತ್ರಿ ಹಿಡಿಯುತ್ತೆ.

ಕಳೆದ ಆಷಾಢದಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ಎರಡನೇ ದಿನ ಗುರುವಾರ. ರಾತ್ರಿ ವಾರ್ಡಿನಲ್ಲಿ ಅವರ ಮಂಚದ ಪಕ್ಕವೇ ಸ್ಟೂಲ್ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಡ್‌ಫೋನ್ ಹಾಕಿ ಎಡಿಟ್ ಮಾಡ್ತಿದ್ದೆ. ಬೆಳಿಗ್ಗೆ ಆರಕ್ಕೆ ಕಂತು ಹೋಗಬೇಕಿತ್ತು. ಯಾಕೋ ತಲೆ ಎತ್ತಿ ನೋಡಿದರೆ ಅಪ್ಪ ಡ್ರಿಪ್ ಹಾಕಿದ್ದ ಕೈಯನ್ನೇ ಚಾಚಿ ನೀರಿನ ಬಾಟಲಿ ಎಟುಕಿಸಿಕೊಳ್ಳೋಕೆ ನೋಡ್ತಿದ್ದಾರೆ. ಸೂಜಿ ಚುಚ್ಚಿದ ಕಡೆ ರಕ್ತ ಒಸರಿತ್ತು. ಎರಡು ಸಲ ಕರೆದಿದ್ದರಂತೆ. "ನೀನು ಕೆಲಸದಲ್ಲಿದ್ದೆ, ಅದಕ್ಕೆ ಸುಮ್ಮನಾದೆ" ಅಂದರು.

ಕಂತು ಆರಕ್ಕೆ ಸರಿಯಾಗಿ ಹೊರಟಿತು. ಇವತ್ತಿಗೂ ಅದನ್ನ ಪೂರ್ತಿ ಕೇಳೋಕೆ ನನ್ನಿಂದ ಆಗಿಲ್ಲ.

ಆರಕ್ಕೆ ಹೋಗಲೇಬೇಕು ಅಂತ ಹೇಳಿದವರು ಯಾರು? ಯಾರೂ ಇಲ್ಲ. ಯೋಚಿಸಿದರೆ ಆ ಹೆದರಿಕೆ ರೇಡಿಯೋದಿಂದ ಬಂದದ್ದು ಅನ್ನಿಸುತ್ತೆ. ನಮ್ಮನೆಯಲ್ಲಿ ಭದ್ರಾವತಿ ಆಕಾಶವಾಣಿಯೇ ಗಡಿಯಾರ. "ಇಯಂ ಆಕಾಶವಾಣಿ" ಅಂತ ಸಂಸ್ಕೃತ ವಾರ್ತೆ ಶುರುವಾದರೆ ಏಳಕ್ಕೆ ಐದು ನಿಮಿಷ, ಅಷ್ಟರೊಳಗೆ ನಾನು ಬಚ್ಚಲಿಂದ ಹೊರಗೆ ಬಂದಿರಬೇಕು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದಾಗಲೂ ಹೊತ್ತು ಗೊತ್ತು ಬೇಕಿತ್ತು. ಗಾಳಿಗೆ ಬಿಟ್ಟ ದನಿ ಯಾರಿಗೂ ಕಾಯಲ್ಲ, ಆ ಕ್ಷಣ ಕಿವಿ ಅಲ್ಲಿಲ್ಲದಿದ್ದರೆ ಹೋಯ್ತು. ರೇಡಿಯೋದವರ ಆ ಶಿಸ್ತಿನ ಮೇಲೆ ನನಗೆ ಈಗಲೂ ಅಪಾರ ಗೌರವ.

ಆದರೆ ಪಾಡ್‌ಕಾಸ್ಟ್ ಹಾಗೆ ಕೆಲಸ ಮಾಡಲ್ಲ. ಅದರ ಬೆನ್ನೆಲುಬು ಆರ್‌ಎಸ್‌ಎಸ್ ಫೀಡ್ ಅನ್ನೋ ಒಂದು ಸಾದಾ ಪಠ್ಯದ ಕಡತ. ಕೇಳುಗರ ಆ್ಯಪ್ ಆಗಾಗ ಬಂದು ಅದನ್ನ ಇಣುಕಿ ನೋಡುತ್ತೆ, ಹೊಸದಿದ್ದರೆ ತಾನೇ ಎಳಕೊಳ್ಳುತ್ತೆ, ಇಲ್ಲದಿದ್ದರೆ ಸುಮ್ಮನೆ ವಾಪಸ್ ಹೋಗುತ್ತೆ. ಚಂದಾ ಆದವರು ಶುಕ್ರವಾರವನ್ನ ನೆನಪಿಟ್ಟುಕೊಂಡು ಕಾಯಬೇಕಾಗೇ ಇಲ್ಲ. ಆ ಕಡತದಲ್ಲಿ ಕಂತು ಪ್ರಕಟವಾದ ದಿನಾಂಕಕ್ಕೆ ಜಾಗ ಇದೆ, ಪ್ರಕಟವಾಗಬೇಕಿದ್ದ ದಿನಾಂಕಕ್ಕೆ ಇಲ್ಲ. ಅಮೆರಿಕದ ಡ್ಯಾನ್ ಕಾರ್ಲಿನ್ ಅವರ ಇತಿಹಾಸದ ಕಂತುಗಳು ಎಷ್ಟೋ ತಿಂಗಳಿಗೊಮ್ಮೆ ಬರುತ್ತವೆ, ಒಂದೊಂದೂ ಗಂಟೆಗಟ್ಟಲೆ ಇರುತ್ತೆ. ಜನ ಕಾದು ಕೇಳ್ತಾರೆ.

ದಿನದ ಸುದ್ದಿ ಹೇಳೋರು, ಜಾಹೀರಾತಿನ ಹಣ ತಗೊಂಡವರು ದಿನ ತಪ್ಪಿಸಬಾರದು, ಒಪ್ತೀನಿ. ನಿಯಮಿತವಾಗಿ ಹಾಕಿದರೆ ಕೇಳುಗರು ಹೆಚ್ಚುತ್ತಾರೆ ಅನ್ನೋದೂ ಸುಳ್ಳಲ್ಲ. ನಾನು ಮಾಡ್ತಿರೋದು ಮಲೆನಾಡಿನ ಹಿರಿಯರ ಮಾತನ್ನ ಅವರದೇ ದನಿಯಲ್ಲಿ ಹಿಡಿದಿಡೋ ಕೆಲಸ. ಅದು ಈ ವಾರ ಬಂದರೂ ಮುಂದಿನ ತಿಂಗಳು ಬಂದರೂ ಹಳಸಲ್ಲ.

ಹಳಸೋದು, ತಡವಾಯ್ತು ಅಂತ ಕಂತಿನ ಶುರುವಿನಲ್ಲಿ ನಾನು ಕೇಳ್ತಿದ್ದ ಕ್ಷಮಾಪಣೆ. ಇದನ್ನ ತೋರಿಸಿಕೊಟ್ಟವರು ಮಸ್ಕತ್‌ನಲ್ಲಿರೋ ಒಬ್ಬ ಕೇಳುಗರು. ನನ್ನ ಹಳೆಯ ಕಂತುಗಳನ್ನೆಲ್ಲ ಕಾರಿನಲ್ಲಿ ಹೋಗ್ತಾ ಬರ್ತಾ ಒಂದೇ ವಾರದಲ್ಲಿ ಕೇಳಿ ಮುಗಿಸಿ ಬರೆದಿದ್ದರು: "ಎಲ್ಲಾ ಚೆನ್ನಾಗಿದೆ. ಆದರೆ ಪ್ರತಿ ಸಲ ಯಾಕೆ ಕ್ಷಮೆ ಕೇಳ್ತೀರಿ? ಏನಾಗಿತ್ತು?" ಅವರಿಗೆ ಒಂದು ಕಂತು ಮುಗಿದರೆ ಇನ್ನೊಂದು ತಯಾರಿತ್ತು. ನಡುವೆ ನಾನು ನಿದ್ದೆಗೆಟ್ಟು ಕೊರಗಿದ ವಾರಗಳು ಅವರ ಪಾಲಿಗೆ ಇರಲೇ ಇಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಬಾಣಂತನದ ಕತೆ ಹೇಳೋಕೆ ಬಾಯಿ ತೆರೆಯೋ ಮುಂಚೆ, ಒಂದು ನಿಮಿಷ ನಲವತ್ತು ಸೆಕೆಂಡು ನನ್ನ ಆಫೀಸು, ನನ್ನ ಜ್ವರ, ನನ್ನ ಕರೆಂಟು. ಅದನ್ನ ಕೇಳಿಸಿಕೊಂಡಾಗ ನಿಜವಾಗಿ ನಾಚಿಕೆಯಾಯ್ತು, ತಡವಾದದ್ದಕ್ಕಲ್ಲ.

ಹೋದ ಭಾನುವಾರ ಕೂತು ಒಂಬತ್ತು ಕಂತುಗಳಿಂದ ಆ ಭಾಗವನ್ನೆಲ್ಲ ಕತ್ತರಿಸಿ ಕಡತಗಳನ್ನ ಬದಲಾಯಿಸಿದೆ. ಕಂತಿನ ಗುರುತಿನ ಸಂಖ್ಯೆ ಹಳೆಯದೇ ಇರೋದರಿಂದ ಯಾರ ಫೋನಿಗೂ ಹೊಸ ಕಂತು ಅಂತ ಹೋಗಲ್ಲ. ಈಗ ಅಜ್ಜಿಯ ಕಂತು ಅವರು ಗಂಟಲು ಸರಿಮಾಡಿಕೊಂಡು "ಹೂಂ, ಕೇಳು ಮಗಾ" ಅನ್ನೋದರಿಂದಲೇ ಶುರುವಾಗುತ್ತೆ.

ಅಪ್ಪ ಚೆನ್ನಾಗಿದ್ದಾರೆ. ಈ ವಾರ ಅವರನ್ನ ಚೆಕಪ್‌ಗೆ ಕರಕೊಂಡು ಹೋಗೋದಿದೆ, ಲ್ಯಾಪ್‌ಟಾಪ್ ಒಯ್ಯಲ್ಲ. ಮುಂದಿನ ಕಂತು ಯಕ್ಷಗಾನದ ಮದ್ದಳೆಗಾರರೊಬ್ಬರ ಜೊತೆ. ಅವರು ಮೇಳದ ಜೊತೆ ತಿರುಗಾಟದಲ್ಲಿದ್ದಾರೆ, ಮೇಳಗಳ ತಿರುಗಾಟ ಮುಗಿಯೋ ದಿನವಾದ ಪತ್ತನಾಜೆ ಕಳೆದ ಮೇಲೆ ಬಾ ಅಂದಿದ್ದಾರೆ. ಆಮೇಲೆಯೇ ಹೋಗ್ತೀನಿ.