ಒಂದು ಕಾಲು ಹೊರಗೆ

ನಾನು ಮಲಗಿದರೆ ಬಲಗಾಲು ಹೊದಿಕೆಯಿಂದ ಹೊರಗಿರಬೇಕು. ಚಳಿಗಾಲವಾಗಲಿ, ಜ್ವರ ಬಂದಿರಲಿ, ಅದು ಹೊರಗೇ. ಯಾಕೆ ಅಂತ ಹನ್ನೊಂದು ವರ್ಷದಿಂದ ಹೆಂಡತಿ ಕೇಳುತ್ತಿದ್ದಾಳೆ. ನನಗೂ ಸರಿಯಾಗಿ ಗೊತ್ತಿಲ್ಲ. ಹುಬ್ಬಳ್ಳಿಯ ಮನೆಯಲ್ಲಿ ನಾವು ನಾಲ್ಕು ಮಕ್ಕಳು ಒಂದೇ ಕೌದಿಯೊಳಗೆ ಮಲಗುತ್ತಿದ್ದೆವು. ನಾನು ತುದಿಯವನು. ತುದಿಯವನಿಗೆ ಹೊದಿಕೆ ಸಿಗುವುದು ಉಳಿದ ಮೂವರ ಮರ್ಜಿಯ ಮೇಲೆ. ಕಾಲು ಆಗಲೇ ಹೊರಗಿದ್ದು ರೂಢಿ ಮಾಡಿಕೊಂಡಿರಬೇಕು.

ಇದು ಹೇಳಿಕೊಳ್ಳುವಂಥ ವಿಷಯವೇನಲ್ಲ. ಆದರೆ ಇದೇ ಕಾಲಿನಿಂದಾಗಿ ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡು, ಮನೆಯಲ್ಲಿ ಎರಡು ಜಗಳ ಆಡಿ, ಕೊನೆಗೆ ಒಂದು ಹೊದಿಕೆ ಕೊಳ್ಳಬೇಕಾಯಿತು.

ಶುರುವಾದದ್ದು ಕೇದಾರಕಂಠದಲ್ಲಿ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಸಾಂಕ್ರಿ ಅಂತ ಒಂದು ಹಳ್ಳಿಯಿದೆ, ಅಲ್ಲಿಂದ ಹತ್ತುವುದು. ತುದಿ ಸುಮಾರು 12,500 ಅಡಿ. ನಾವು ಹೋದದ್ದು ಡಿಸೆಂಬರ್‌ನಲ್ಲಿ. ಮೊದಲ ರಾತ್ರಿಯ ಬಿಡಾರ ಜೂಡಾ ಕಾ ತಾಲಾಬ್ ಎಂಬ ಕೆರೆಯ ಹತ್ತಿರ. ಕೆರೆಯ ಮೇಲ್ಗಡೆ ಮಂಜುಗಡ್ಡೆ ಕಟ್ಟಿತ್ತು. ಆರಕ್ಕೆಲ್ಲ ಕತ್ತಲು, ಏಳಕ್ಕೆ ಊಟ, ಎಂಟಕ್ಕೆ ಎಲ್ಲರ ಕೈಗೂ ಒಂದೊಂದು ಬಾಡಿಗೆ ಸ್ಲೀಪಿಂಗ್ ಬ್ಯಾಗು. ಈ ಬ್ಯಾಗಿನ ಆಕಾರಕ್ಕೆ ಮಮ್ಮಿ ಅಂತ ಹೆಸರು. ಈಜಿಪ್ಟಿನ ಮಮ್ಮಿ. ಭುಜದ ಹತ್ತಿರ ಅಗಲ, ಪಾದದ ಹತ್ತಿರ ಸಪೂರ. ಒಳಗೆ ಹೊಕ್ಕು, ಜಿಪ್ಪು ಎಳೆದು, ತಲೆಯ ಮೇಲಿನ ಟೋಪಿಯ ದಾರ ಬಿಗಿದರೆ ಮೂಗು ಮಾತ್ರ ಹೊರಗೆ. ಕಾಲಿನ ಮಾತೇ ಇಲ್ಲ.

ನನ್ನ ಚೀಲದಲ್ಲಿ ಹಿಂದೆ ಮಲಗಿದವರೆಲ್ಲರ ಕಾಲುಚೀಲದ ವಾಸನೆ ಇತ್ತು. ಅದನ್ನು ದೂರಿದರೆ ಕಂಬಳಿಯಲ್ಲಿ ಕೂತು ಉಂಡು ಕೂದಲು ಸಿಕ್ಕಿತು ಅಂದ ಹಾಗಾಗುತ್ತದೆ, ಸುಮ್ಮನಿದ್ದೆ. ಹೇಗೋ ನಿದ್ದೆ ಹತ್ತಿತು. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಅವಸರವಾಯಿತು.

ಜಿಪ್ಪು ಹುಡುಕಿದೆ. ನಿದ್ದೆಯಲ್ಲಿ ಮಗ್ಗುಲಾಗುವಾಗ ಚೀಲವೂ ಜೊತೆಗೆ ತಿರುಗಿ, ಜಿಪ್ಪು ಬೆನ್ನ ಕೆಳಗೆ ಹೋಗಿತ್ತು. ಟೋಪಿ ಮುಖದ ಮೇಲೆ. ಉಸಿರಿನ ತೇವಕ್ಕೆ ಬಟ್ಟೆ ಒದ್ದೆಯಾಗಿ ಮೂಗಿಗೆ ತಣ್ಣಗೆ ತಾಗುತ್ತಿತ್ತು. ಹೇಗೋ ಹೊರಳಿ ಜಿಪ್ಪು ಹಿಡಿದು ಎಳೆದರೆ ಒಂದು ಗೇಣು ಬಂದು ನಿಂತಿತು. ಒಳಗಿನ ತೆಳು ಬಟ್ಟೆಯನ್ನು ಹಲ್ಲು ಕಚ್ಚಿಕೊಂಡಿತ್ತು. ಎಳೆದಷ್ಟೂ ಬಿಗಿ. ಪಕ್ಕದಲ್ಲಿದ್ದ ಗೆಳೆಯ ಎದ್ದು ಹೆಡ್‌ಟಾರ್ಚ್ ಹಾಕಿ ನೋಡಿದ. "ಏನ್ ಗುರು, ಮೀನು ಬಲೆಗೆ ಬಿದ್ದಂಗೆ ಒದ್ದಾಡ್ತಿದ್ದೀಯಾ?" ಕೈಗವಸು ತೆಗೆದು, ಬಾಯಿಂದ ಬಿಸಿ ಊದಿಕೊಂಡು, ಬಟ್ಟೆಯನ್ನು ಅಂಗುಲ ಅಂಗುಲವಾಗಿ ಬಿಡಿಸಿದ. ಆ ಹತ್ತು ನಿಮಿಷ ನಾನು ಹೇಗೆ ತಡೆದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಊರಿಗೆ ಬಂದ ಮೇಲೆ ಒಂದು ತೀರ್ಮಾನ ಮಾಡಿದೆ. ಇನ್ನು ಬಾಡಿಗೆ ಚೀಲ ಬೇಡ, ನನ್ನದೇ ಹೊದಿಕೆ ಇರಲಿ. ಬೆನ್ನಿಗೆ ಹಗುರವಾಗಿರಲಿ. ಆಗ ಗೊತ್ತಾಯಿತು, ಚಾರಣದವರಲ್ಲಿ ಕ್ವಿಲ್ಟ್ ಅಂತ ಇನ್ನೊಂದು ಪಂಥವೇ ಇದೆ ಅಂತ.

ಅವರ ವಾದ ಸರಳ. ಹೊದಿಕೆಗೆ ಸ್ವಂತ ಬಿಸಿ ಇಲ್ಲ. ಬಿಸಿ ನಮ್ಮ ಮೈಯದ್ದು, ಹೊದಿಕೆ ಅದನ್ನು ಹೋಗಗೊಡುವುದಿಲ್ಲ, ಅಷ್ಟೆ. ಅದಕ್ಕೆ ಬೇಕಾದದ್ದು ಅಲುಗಾಡದ ಗಾಳಿ. ಬಾತುಕೋಳಿಯ ಎದೆಯ ತುಪ್ಪುಳ ಅರಳಿ ನಿಂತು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 800 ಫಿಲ್ ಪವರ್ ಅಂತ ಬರೆದಿದ್ದರೆ 28 ಗ್ರಾಂ ತುಪ್ಪುಳ ಅರಳಿ ಸುಮಾರು 13 ಲೀಟರ್ ಜಾಗ ತುಂಬುತ್ತದೆ ಅಂತ ಅರ್ಥ. ಒಂದು ಮುಷ್ಟಿಯಲ್ಲಿ ಒಂದು ಬಕೆಟ್! ಆದರೆ ಚೀಲದೊಳಗೆ ಮಲಗಿದಾಗ ಬೆನ್ನ ಕೆಳಗಿನ ತುಪ್ಪುಳ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಅದರಲ್ಲಿ ಗಾಳಿಯೇ ಉಳಿಯುವುದಿಲ್ಲ. ಮತ್ತೆ ಅದನ್ನು ಹೊತ್ತು ಬೆಟ್ಟ ಹತ್ತುವುದು ಯಾಕೆ? ಕೆಳಗಿನ ಭಾಗ ತೆಗೆದುಬಿಡಿ. ಟೋಪಿ ತೆಗೆಯಿರಿ, ಜಿಪ್ಪು ತೆಗೆಯಿರಿ. ಪಾದ ತೂರಿಸಲು ತುದಿಯಲ್ಲೊಂದು ಗೂಡು ಮಾಡಿ. ಉಳಿದದ್ದು ಕ್ವಿಲ್ಟ್.

ಅಂದರೆ ಕೌದಿ.

ಇದನ್ನು ಜೋರಾಗಿ ಹೇಳಿದವರಲ್ಲಿ ಅಮೆರಿಕದ ರೇ ಜಾರ್ಡಿನ್ ಮುಖ್ಯ. ಬಂಡೆ ಹತ್ತುವವರು ಬಿರುಕಿಗೆ ಸಿಕ್ಕಿಸುವ 'ಫ್ರೆಂಡ್' ಎಂಬ ಸಲಕರಣೆ ಕಂಡುಹಿಡಿದವನೂ ಇವನೇ. 4,200 ಕಿಲೋಮೀಟರಿಗೂ ಉದ್ದದ ಪೆಸಿಫಿಕ್ ಕ್ರೆಸ್ಟ್ ದಾರಿಯನ್ನು ಹೆಂಡತಿಯ ಜೊತೆ ನಡೆದ. ಇಬ್ಬರಿಗೂ ಸೇರಿ ಒಂದೇ ಹೊದಿಕೆ. ಮನೆಯಲ್ಲೇ ಹೊಲಿದದ್ದು. ಇದನ್ನು ನನ್ನ ಹೆಂಡತಿಗೆ ಹೇಳಿದೆ. "ಅವನ ಕಾಲು ಒಳಗೇ ಇತ್ತೇನೋ" ಅಂದಳು.

ಇನ್ನೊಂದು ತಮಾಷೆ ಇದೆ. ಸ್ಲೀಪಿಂಗ್ ಬ್ಯಾಗಿನ ಮೂಲ ಹುಡುಕಿಕೊಂಡು ಹೋದರೂ ಕೊನೆಗೆ ಸಿಗುವುದು ಕಂಬಳಿಯೇ. ವೇಲ್ಸ್ ದೇಶದ ನ್ಯೂಟೌನ್ ಎಂಬ ಊರಲ್ಲಿ ಪ್ರೈಸ್ ಪ್ರೈಸ್-ಜೋನ್ಸ್ ಅಂತ ಒಬ್ಬ ಉಣ್ಣೆ ವ್ಯಾಪಾರಿ ಇದ್ದ. 1876ರಲ್ಲಿ ಅವನು ಪೇಟೆಂಟ್ ಮಾಡಿಸಿದ್ದು ಯೂಕ್ಲಿಸಿಯಾ ರಗ್. ರಗ್ ಅಂದರೆ ನಮ್ಮ ರಗ್ಗೇ. ಉಣ್ಣೆಯ ರಗ್ಗು, ಅದಕ್ಕೊಂದು ಜೇಬು, ಜೇಬಿನಲ್ಲಿ ಊದುವ ರಬ್ಬರ್ ದಿಂಬು. ಮಡಚಿಕೊಂಡು ಒಳಗೆ ಮಲಗುವುದು. ರಷ್ಯಾದ ಸೈನ್ಯ ರಾಶಿಗಟ್ಟಲೆ ಆರ್ಡರ್ ಕೊಟ್ಟಿತು. ಆಗ ಅವರು ಈಗಿನ ಬಲ್ಗೇರಿಯಾದಲ್ಲಿರುವ, ತುರ್ಕರ ಕೈಯಲ್ಲಿದ್ದ ಪ್ಲೆವ್ನಾ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದರು. 1877ರ ಡಿಸೆಂಬರ್‌ನಲ್ಲಿ ಪ್ಲೆವ್ನಾ ಬಿತ್ತು. ಬಾಕಿ ಆರ್ಡರೂ ಬಿತ್ತು. ಯುದ್ಧ ಬೇಗ ಮುಗಿಯಿತು ಅಂತ ಬೇಜಾರು ಮಾಡಿಕೊಂಡ ವ್ಯಾಪಾರಿ ಅವನೊಬ್ಬನೇ ಇರಲಿಕ್ಕಿಲ್ಲ.

ಮನೆಯ ಜಗಳಕ್ಕೆ ಬರುತ್ತೇನೆ. ಹೆಂಡತಿ ತೀರ್ಥಹಳ್ಳಿ ಕಡೆಯವಳು, ಕಂಬಳಿಯ ಪಕ್ಷ. ಅವಳ ಅಪ್ಪ ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ಕಂಬಳಿಕೊಪ್ಪೆ ಹಾಕುತ್ತಿದ್ದರು. ಕಂಬಳಿಯನ್ನು ಮಡಚಿ ಮೂಲೆ ಮಾಡಿ ತಲೆಯ ಮೇಲೆ ಇಳಿಬಿಡುವುದು. ಹಗಲು ಅದೇ ರೈನ್‌ಕೋಟು, ಸಂಜೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದರೆ ರಾತ್ರಿ ಅದೇ ಹೊದಿಕೆ. "ನಿಮ್ಮ ತುಪ್ಪುಳ ಒದ್ದೆಯಾದರೆ ಏನಾಗತ್ತೆ ಹೇಳಿ?" ಅಂತ ಕೇಳಿದಳು. ಮುದ್ದೆಯಾಗುತ್ತದೆ. ನೆನೆದ ಬಾತುಕೋಳಿಯ ಹಾಗೆ ಅಂತ ಹೇಳಲೂ ಆಗದು, ನೆನೆದ ಬಾತುಕೋಳಿಯೇ ಎಷ್ಟೋ ಬೆಚ್ಚಗಿರುತ್ತದೆ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಅವಳ ಮಾತು ನಿಜ. ಲಗೇಜ್ ತೂಕ ನೋಡುವ ಕೊಕ್ಕೆಗೆ ಮಾವನ ಕಂಬಳಿ ನೇತುಹಾಕಿದೆ. ಮೂರು ಕಿಲೋ ದಾಟಿತು. ಅವಳು ಮಾತಾಡಲಿಲ್ಲ.

ಅದೇ ಕೊಕ್ಕೆಗೆ ನಮ್ಮ ಕೌದಿಯನ್ನೂ ಹಾಕಿದೆ. ಅದು ಅಜ್ಜಿ ಹೊಲಿದದ್ದು. ಒಳಗೆ ಅಜ್ಜನ ಹಳೇ ಧೋತರ. ಮೇಲೆ ಸಿಕ್ಕಿದ ಬಟ್ಟೆ. ಒಂದು ಕಡೆ ಇಳಕಲ್ ಸೀರೆಯ ಸೆರಗಿನ ಕೆಂಪು ಪಟ್ಟಿ, ಅದರ ಪಕ್ಕ ನನ್ನ ಐದನೇ ಕ್ಲಾಸಿನ ಖಾಕಿ ಚಡ್ಡಿಯ ತುಂಡು, ಗುಂಡಿಯ ಕಾಜು ಇನ್ನೂ ಹಾಗೇ ಇದೆ. ಚಿಕ್ಕವನಿದ್ದಾಗ ಆ ಕಾಜಿನಲ್ಲಿ ಬೆರಳು ತೂರಿಸಿಕೊಂಡೇ ನಿದ್ದೆ ಹೋಗುತ್ತಿದ್ದೆ. ಬೆರಳು ಈಗ ಹೋಗುವುದಿಲ್ಲ. ತೂಕ ಎರಡು ಕಿಲೋ ಎಂಟುನೂರು ಗ್ರಾಂ.

ಗೆಳೆಯನ ವಾದ ಬೇರೆ. ಅವನು ಚೀಲದ ಕಟ್ಟಾಭಿಮಾನಿ. "ಕ್ವಿಲ್ಟ್ ಹೊದ್ದು ಮಗ್ಗುಲಾದರೆ ಪಕ್ಕದಿಂದ ಗಾಳಿ ನುಗ್ಗತ್ತೆ ಗುರು. ಚೀಲಕ್ಕೆ ಲೇಬಲ್ ಮೇಲೆ ಡಿಗ್ರಿ ಬರೆದಿರ್ತಾರೆ, ಲೆಕ್ಕ ಪಕ್ಕಾ." ಈ ಲೇಬಲ್ಲಿನ ವಿಷಯ ಸ್ವಲ್ಪ ನೋಡಬೇಕು. ಯುರೋಪಿನಲ್ಲಿ 2002ರಲ್ಲಿ ಒಂದು ಮಾನದಂಡ ಬಂತು, ಈಗ ಅದು ಐಎಸ್‌ಒ ಲೆಕ್ಕದಲ್ಲಿದೆ. ಬಿಸಿ ಮಾಡಿದ ಗೊಂಬೆಯನ್ನು ಚೀಲದಲ್ಲಿ ಮಲಗಿಸಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಸಾಧಾರಣ ಹೆಂಗಸು ಆರಾಮವಾಗಿ ಮಲಗುವ ಚಳಿ. ಲಿಮಿಟ್ ಅಂದರೆ ಸಾಧಾರಣ ಗಂಡಸು ಮುದುಡಿಕೊಂಡು ರಾತ್ರಿ ಕಳೆಯುವ ಚಳಿ. ಎಕ್ಸ್‌ಟ್ರೀಮ್ ಅಂದರೆ ಆರು ಗಂಟೆಯ ಮಟ್ಟಿಗೆ ಸಾಯುವುದಿಲ್ಲ, ಅಷ್ಟೆ. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಎಷ್ಟೋ ಸಲ ಈ ಕೊನೆಯದನ್ನೇ. ನಿಮಗೆ ಬೇಕಾದದ್ದು ನಿದ್ದೆಯಾದರೆ ಕಂಫರ್ಟ್ ನೋಡಿ, ಬೇರೇನನ್ನೂ ನೋಡಬೇಡಿ. ಕ್ವಿಲ್ಟಿನ ಮೇಲೆ ಕಂಪನಿಯವರು ತಾವೇ ಅಂದಾಜು ಮಾಡಿ ಬರೆದ ಡಿಗ್ರಿಯೇ ಜಾಸ್ತಿ. ಅದಕ್ಕೆ ಐದಾರು ಡಿಗ್ರಿ ಕೂಡಿಸಿಕೊಂಡು ಓದುವುದು ಒಳ್ಳೆಯದು.

ಕೊನೆಗೆ ಕ್ವಿಲ್ಟನ್ನೇ ತರಿಸಿದೆ. ಕಾಲು ಗೆದ್ದಿತು. ತೂಕ 620 ಗ್ರಾಂ. ಬೆಲೆ ಹೇಳುವುದಿಲ್ಲ, ಮನೆಯವರು ಓದುತ್ತಾರೆ. ಪಾರ್ಸೆಲ್ ಬಂದ ದಿನ ಅವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ಬಿಚ್ಚಿ ಕೈಗೆ ಕೊಟ್ಟೆ. ಅಂಗೈಯಲ್ಲಿ ಒತ್ತಿ ನೋಡಿದಳು. ತಿರುಗಿಸಿ ಒತ್ತಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದರಾಗ ಏನೂ ಇಲ್ಲಲ್ಲೋ ತಮ್ಮಾ! ಬರೇ ಗಾಳಿ ಐತಿ. ಗಾಳಿಗೆ ರೊಕ್ಕಾ ಕೊಟ್ಟಿಯೇನು?"

ಹೌದು, ಗಾಳಿಗೇ ಕೊಟ್ಟದ್ದು. ನಾನು ಮೂರು ತಿಂಗಳು ಓದಿ ತಿಳಿದದ್ದನ್ನು ಅವ್ವ ಮೂರು ಸಲ ಒತ್ತಿ ತಿಳಿದುಕೊಂಡಳು. "ಒಗಿಯೂದು ಹೆಂಗ?" ಅಂತ ಮುಂದಿನ ಪ್ರಶ್ನೆ. ಅದಕ್ಕೆ ಬೇರೆ ಸೋಪು ಬೇಕು, ಹಿಂಡಬಾರದು, ಗಂಟುಗಟ್ಟದ ಹಾಗೆ ತಾಸುಗಟ್ಟಲೆ ಒಣಗಿಸಬೇಕು ಅಂದೆ. ಅವ್ವ ಮಡಚಿ ವಾಪಸ್ ಕೊಟ್ಟಳು.

ಮೊದಲ ಪರೀಕ್ಷೆ ಮನೆಯ ತಾರಸಿಯ ಮೇಲೆ. ಬೆಂಗಳೂರಿನ ಒಂದು ಚಳಿ ರಾತ್ರಿ, ಹದಿನೈದು ಡಿಗ್ರಿ ಇರಬಹುದು. ಒಂದು ಚಾಪೆ ಹಾಸಿ, ಕ್ವಿಲ್ಟ್ ಹೊದ್ದು, ಬಲಗಾಲು ಹೊರಗೆ ಹಾಕಿ ಮಲಗಿದೆ. ಸ್ವರ್ಗ. ಮೂರು ಗಂಟೆಗೆ ನಡುಗುತ್ತಾ ಎದ್ದೆ. ಎದೆ ಬೆಚ್ಚಗಿದೆ, ಬೆನ್ನು ತಣ್ಣಗೆ ಕೊರೆಯುತ್ತಿದೆ. ಸಿಮೆಂಟು ನನ್ನ ಬಿಸಿಯನ್ನೆಲ್ಲ ಕೆಳಗಿನಿಂದ ಕುಡಿಯುತ್ತಿತ್ತು. ಕ್ವಿಲ್ಟಿಗೆ ತಳವಿಲ್ಲ. ತಳದ ಕೆಲಸ ಹಾಸಿಗೆಯೇ ಮಾಡಬೇಕು. ಅದಕ್ಕೇ ಮಲಗುವ ಮ್ಯಾಟ್‌ಗೂ ಆರ್ ವ್ಯಾಲ್ಯೂ ಅಂತ ಒಂದು ಅಳತೆ ಇದೆ, ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ. ತೆಳು ಫೋಮ್ ಮ್ಯಾಟಿಗೆ ಎರಡರ ಆಸುಪಾಸು, ಹಿಮದ ಮೇಲೆ ಮಲಗಬೇಕಾದರೆ ನಾಲ್ಕೈದಾದರೂ ಬೇಕು. ನಮ್ಮ ಚಾಪೆಗೆ ಯಾರೂ ಅಳೆದ ಹಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದವರು ಹಾಸಿಗೆ ಅಂದರು, ಹೊದಿಕೆ ಅನ್ನಲಿಲ್ಲ. ಅವರೂ ಎಲ್ಲೋ ನೆಲದ ಮೇಲೆ ಮಲಗಿ ನಡುಗಿರಬೇಕು.

ಮ್ಯಾಟಿಗೆ ಮತ್ತೆ ದುಡ್ಡು. ಅದು ಎರಡನೇ ಜಗಳ.

ಪಕ್ಷಪಾತ ಮಾಡದೆ ಹೇಳಬೇಕೆಂದರೆ, ಕೇದಾರಕಂಠಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ಹೋದರೆ ನಾನು ಚೀಲವನ್ನೇ ಒಯ್ಯುತ್ತೇನೆ. ಅಲ್ಲಿ ಗಾಳಿ ಬೀಸುವಾಗ ಒಂದು ಸಂದಿ ಬಿಟ್ಟರೂ ಸಾಕು, ಕತ್ತಿ ಹಾಕಿದ ಹಾಗೆ ಒಳಗೆ ಬರುತ್ತದೆ. ಕ್ವಿಲ್ಟಿನ ಅಂಚನ್ನು ಮ್ಯಾಟಿಗೆ ಬಿಗಿಯಲು ಎಲಾಸ್ಟಿಕ್ ಪಟ್ಟಿ ಕೊಡುತ್ತಾರೆ, ಅದನ್ನು ಕತ್ತಲಲ್ಲಿ ಮರಗಟ್ಟಿದ ಬೆರಳಲ್ಲಿ ಸಿಕ್ಕಿಸುವುದು ಜಿಪ್ಪಿನ ಅಣ್ಣ. ಆದರೆ ನಮ್ಮ ಘಟ್ಟದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬೀಳುವುದಿಲ್ಲ. ಇಲ್ಲಿ ಚೀಲ ಹೊಕ್ಕರೆ ನಡುರಾತ್ರಿಗೆ ಬೆವರು. ಆಮೇಲೆ ಜಿಪ್ಪು ಪೂರ್ತಿ ತೆಗೆದು ಅದನ್ನೇ ಕೌದಿ ಮಾಡಿ ಹೊದೆಯುತ್ತೀರಿ. ಮತ್ತೆ ಮೊದಲೇ ಕೌದಿ ಒಯ್ಯಬಹುದಲ್ವಾ?

ಕಳೆದ ನವೆಂಬರ್‌ನಲ್ಲಿ ಕುದುರೆಮುಖಕ್ಕೆ ಹೋಗಿದ್ದೆವು. ರಾತ್ರಿ ಕಳಸದ ಹತ್ತಿರ ಸಂಸೆಯ ಒಂದು ಹೋಂಸ್ಟೇ. ಜಗಲಿಯಲ್ಲಿ ಎಂಟು ಜನ ಸಾಲಾಗಿ ಮಲಗಿದೆವು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದ್ದರು, ಅದರ ಒಗರು ವಾಸನೆ. ನಾನು ಅಭ್ಯಾಸಬಲದಿಂದ ತುದಿಯ ಜಾಗ ಹಿಡಿದೆ. ಪಕ್ಕದಲ್ಲಿ ಅದೇ ಗೆಳೆಯ, ತನ್ನ ಒಂದೂಮುಕ್ಕಾಲು ಕಿಲೋ ಚೀಲದ ಜೊತೆ. ಮಲಗುವ ಮುಂಚೆ ಇನ್ನೊಂದು ಸಲ ಲೇಬಲ್ ಓದಿ ಹೇಳಿದ.

ಬೆಳಗಿನ ಜಾವ ಚಳಿಗೆ ಎಚ್ಚರವಾಯಿತು. ಬಲಗಾಲು ಮಾತ್ರ ಅಲ್ಲ, ಎಡಗಾಲೂ ಹೊರಗಿತ್ತು. ಹೊಟ್ಟೆ, ಎದೆ ಎಲ್ಲ ಹೊರಗೆ. ತಡಕಿದೆ. ಕ್ವಿಲ್ಟ್ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಗೆಳೆಯ ಸೆಕೆಯಾಗಿ ಚೀಲದಿಂದ ಹೊರಬಂದು, ನನ್ನ ಕ್ವಿಲ್ಟನ್ನು ಎಳೆದು ಕಿವಿವರೆಗೂ ಹೊದ್ದು, ಮಂಡಿ ಮಡಚಿಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಒಂದು ಕಾಲು ಹೊರಗಿತ್ತು.

ಅಂಚು ಹಿಡಿದು ಎಳೆದೆ. ನಿದ್ದೆಯಲ್ಲೇ ಇನ್ನಷ್ಟು ಸುತ್ತಿಕೊಂಡ. ಅವನ ಚೀಲ ಇಬ್ಬರ ನಡುವೆ ಖಾಲಿ ಬಿದ್ದಿತ್ತು. ಬೇರೆ ದಾರಿ ಕಾಣದೆ ಅದರೊಳಗೆ ಹೊಕ್ಕೆ. ಅವನ ಬಿಸಿ ಇನ್ನೂ ಒಳಗಿತ್ತು. ಜಿಪ್ಪು ಎಳೆದೆ, ಸಲೀಸಾಗಿ ಬಂತು.