ಗಾಳಿಯಂತ್ರಕ್ಕೆ ನಮ್ಮ ತಾರಸಿ ತಕ್ಕ ಜಾಗವಲ್ಲ

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಈಗ ತಾರಸಿ ಮೇಲೆ ಕರೆಂಟು ತೆಗೆಯುವ ಪುಟ್ಟ ಗಾಳಿಯಂತ್ರ ಹಾಕಿಸುವ ಮಾತು ನಡೆಯುತ್ತಿದೆ. "ಮೇಷ್ಟ್ರೇ, ಸೋಲಾರ್ ಆದ್ರೆ ಹಗಲು ಮಾತ್ರ. ಇದು ರಾತ್ರೀನೂ ತಿರುಗುತ್ತೆ, ಆಷಾಢದಲ್ಲಂತೂ ಕೇಳೋದೇ ಬೇಡ" ಅಂದರು ಪಕ್ಕದ ಮನೆಯ ಹಿರಿಯರು. ಗಿಡಮರ ಅಂದರೆ ಜೀವ ಬಿಡುವವರು. ಅಂಥವರ ದುಡ್ಡು ಇದಕ್ಕೆ ಹೋಗಬಾರದು ಅಂತಲೇ ಬರೆಯುತ್ತಿದ್ದೇನೆ.

ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರೊಳಗಿನ ಶಕ್ತಿ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಯಂತ್ರದ ಮೇಲೆ ಬರೆದಿರುವ "1 ಕಿಲೋವ್ಯಾಟ್" ಸಾಮಾನ್ಯವಾಗಿ ಸೆಕೆಂಡಿಗೆ 11-12 ಮೀಟರ್ ಬೀಸುವ ಗಾಳಿಯ ಲೆಕ್ಕ. ಅಂದರೆ ಗಂಟೆಗೆ 40 ಕಿ.ಮೀ. ಆಸುಪಾಸು. 12 ಮೀಟರ್ ಇದ್ದದ್ದು 3ಕ್ಕೆ ಇಳಿದರೆ ಸಿಗುವುದು 64ನೇ ಒಂದು ಭಾಗ, ಸುಮಾರು 15 ವ್ಯಾಟ್. ಒಂದು ಎಲ್‌ಇಡಿ ಬಲ್ಬು ಉರಿಯುತ್ತದೆ, ಅಷ್ಟೇ.

ಆಷಾಢದಲ್ಲಿ ಗಾಳಿ ಜೋರು, ನಿಜ. ಆದರೆ ತಾರಸಿಯಲ್ಲಿ ಒಣಹಾಕಿದ ಟವೆಲ್ ನೋಡಿ. ಒಮ್ಮೆ ಪೂರ್ವಕ್ಕೆ ಹಾರುತ್ತದೆ, ಮರುಕ್ಷಣ ತಂತಿಗೇ ಸುತ್ತಿಕೊಳ್ಳುತ್ತದೆ, ಆಮೇಲೆ ಸುಮ್ಮನೆ ಜೋತು ಬೀಳುತ್ತದೆ. ನೀರಿನ ಟ್ಯಾಂಕು, ಮೆಟ್ಟಿಲ ಮೇಲಿನ ಕೋಣೆ, ಎದುರುಮನೆಯ ಮೂರನೇ ಮಹಡಿ, ತೆಂಗಿನಮರ, ಎಲ್ಲಕ್ಕೂ ಬಡಿದು ಸುಳಿಸುಳಿಯಾಗಿ ಬರುವ ಗಾಳಿ ಅದು. ರೆಕ್ಕೆಗೆ ಬೇಕಾದದ್ದು ಒಂದೇ ಸಮನೆ ಬೀಸುವ ಗಾಳಿ. ಸುಳಿಗಾಳಿಯಲ್ಲಿ ಬೇರಿಂಗ್ ಸವೆಯುತ್ತದೆ, ಯಂತ್ರದ ನಡುಕ ಗೋಡೆಯಲ್ಲಿ ಇಳಿದು ಕೆಳಗೆ ಮಲಗಿದವರ ನಿದ್ದೆ ಕೆಡಿಸುತ್ತದೆ.

ಬ್ರಿಟನ್ನಿನಲ್ಲಿ 2007ರಿಂದ 2009ರವರೆಗೆ ನಡೆದ ವಾರ್ವಿಕ್ ಪ್ರಯೋಗದಲ್ಲಿ ಕಟ್ಟಡಗಳ ಮೇಲಿನ 26 ಯಂತ್ರಗಳನ್ನು ಅಳೆದರು. ನಿಂತಿದ್ದ ಸಮಯವೂ ಸೇರಿ ಒಂದು ಯಂತ್ರ ದಿನಕ್ಕೆ ಸರಾಸರಿ ಕೊಟ್ಟದ್ದು 214 ವ್ಯಾಟ್-ಅವರ್, ಕಾಲು ಯೂನಿಟ್ಟೂ ಇಲ್ಲ. ಎತ್ತರದ ಕಟ್ಟಡಗಳ ಮೇಲಿದ್ದವು ಚೆನ್ನಾಗಿ ಓಡಿದವು, ಆದರೆ ಸದ್ದಿನ ದೂರು ಬಂದು ಅವನ್ನೇ ಬಹುಕಾಲ ನಿಲ್ಲಿಸಿಡಬೇಕಾಯಿತು.

ಈಗ ಪರಿಸರದ ಲೆಕ್ಕಕ್ಕೆ ಬನ್ನಿ. ಯಂತ್ರಕ್ಕೆ ಬೇಕಾದ ಅಲ್ಯೂಮಿನಿಯಂ ಹೊಸದಾಗಿ ಒಂದು ಕಿಲೋ ತೆಗೆಯಲು ಸುಮಾರು 15 ಯೂನಿಟ್ ಕರೆಂಟು ಬೇಕು. ನಮ್ಮ ದೇಶದಲ್ಲಿ ಅದು ಬಹುಪಾಲು ಕಲ್ಲಿದ್ದಲಿನದು. ದಿನಕ್ಕೆ ಕಾಲು ಯೂನಿಟ್ ಕೊಡುವ ಯಂತ್ರ ಆ ಒಂದು ಕಿಲೋ ಸಾಲ ತೀರಿಸಲು ಎರಡು ತಿಂಗಳು ತಿರುಗಬೇಕು. ಕಂಬದ ಉಕ್ಕು, ಆಯಸ್ಕಾಂತ, ತಾಮ್ರ, ಬ್ಯಾಟರಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದೇ ತಾರಸಿಯಲ್ಲಿ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಸದ್ದಿಲ್ಲದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವೂ ಇದೆ.

ಹಾಗಂತ ಪವನಶಕ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಚಿತ್ರದುರ್ಗ, ಗದಗದ ಬಯಲಲ್ಲಿ ಆ ದೊಡ್ಡ ರೆಕ್ಕೆಗಳು ತಿರುಗುವುದನ್ನು ಕಂಡರೆ ಮನಸ್ಸು ತುಂಬುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ನೀರು ಧುಮ್ಮಿಕ್ಕುವ ಜಾಗದಲ್ಲೇ ಕರೆಂಟು ತೆಗೆದು, ಸುಮಾರು 150 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಗಾಳಿ ಇರುವ ಕಡೆ ಯಂತ್ರ ನಿಲ್ಲಲಿ, ಕರೆಂಟು ತಂತಿಯಲ್ಲಿ ನಮ್ಮ ಮನೆಗೆ ಬರಲಿ. ಊರಾಚೆ, ಬಯಲಿನ ತೋಟದಲ್ಲಿ, ಲೈನು ಬರದ ಕಡೆ ಎತ್ತರದ ಕಂಬ ಹಾಕುವವರ ಮಾತು ಬೇರೆ.

ಯಾರಾದರೂ ಮಾರಲು ಬಂದರೆ ಎಷ್ಟು ಕಿಲೋವ್ಯಾಟ್ ಅಂತ ಕೇಳಬೇಡಿ. ನಮ್ಮದೇ ಬಡಾವಣೆಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ, ಬರದಿದ್ದರೆ ದುಡ್ಡು ವಾಪಸ್ ಕೊಡುತ್ತೀರಾ ಅಂತ ಬರವಣಿಗೆಯಲ್ಲಿ ಕೇಳಿ. ಮೈಸೂರಿನಲ್ಲಿ ಈಗಾಗಲೇ ಹಾಕಿಸಿರುವವರು ಇದ್ದರೆ ಒಂದು ವರ್ಷದ ಮೀಟರ್ ರೀಡಿಂಗ್ ಇಲ್ಲಿ ಹಾಕಿ, ಎಲ್ಲರೂ ನೋಡೋಣ.