ಹತ್ತಿಗೆ ಕಟ್ಟುವ ಸುಂಕ

ಶಿಡ್ಲಘಟ್ಟದಂಥ ರೇಷ್ಮೆ ಊರಿನಲ್ಲಿ ಮೊಲಕ್ಕೆ 'ಹತ್ತಿ' ಅಂತ ಹೆಸರಿಟ್ಟವನು ನನ್ನ ಮಗ. ಬೆಳ್ಳಗಿದೆ, ಮೆತ್ತಗಿದೆ, ಹೆಸರೇನೋ ಒಪ್ಪುತ್ತದೆ. ಅದನ್ನು ಬೆಂಗಳೂರಿನಿಂದ ತಂದುಕೊಟ್ಟ ಮೈದುನ ಗೂಡು, ನೀರಿನ ಬಾಟಲಿ, ಒಣಹುಲ್ಲಿನ ಪ್ಯಾಕೆಟ್ ಎಲ್ಲ ಜೊತೆಗೇ ಕೊಟ್ಟ. ಹೊರಗೆ ಬಿಟ್ಟ ಮೊಲವನ್ನು ಮತ್ತೆ ಒಳಗೆ ಕಳಿಸುವುದು ಹೇಗೆ ಅನ್ನುವುದೊಂದನ್ನು ಹೇಳದೆ ಬಸ್ಸು ಹತ್ತಿದ.

ಬಿಡುವುದು ಸುಲಭ. ಹತ್ತಿ ಹಜಾರವೆಲ್ಲ ಸುತ್ತುತ್ತದೆ. ಸೋಫಾದ ಕಾಲಿಗೆ, ಮಾವನವರ ಚಪ್ಪಲಿಗೆ ಗದ್ದ ಉಜ್ಜಿ 'ಇದು ನನ್ನದು' ಅಂತ ಗುರುತು ಹಾಕುತ್ತದೆ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇರುತ್ತದಂತೆ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ, ಪುಣ್ಯ. ಚಾರ್ಜರ್ ವೈರ್ ರುಚಿ ನೋಡುತ್ತದೆ. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುವುದರಿಂದ ಏನಾದರೂ ಕಡಿಯುತ್ತಲೇ ಇರಬೇಕು ನೋಡಿ. ಕೊನೆಗೆ ಅತ್ತೆಯ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ನಮ್ಮ ಮನೆಯ ಸಂಜೆ ಶುರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದವನು ಮೊಲ ಹಿಡಿದಿರಲಿಕ್ಕಿಲ್ಲ. ಹಿಡಿಯಲು ಹೋದವನಿಗೆ ಕಾಲು ಎಣಿಸುವ ಪುರುಸೊತ್ತು ಎಲ್ಲಿ? ನಮ್ಮವರು ಮಂಚದ ಈ ಕಡೆಯಿಂದ ಕೈ ಹಾಕಿದರೆ ಅದು ಆ ಕಡೆಯಿಂದ ಹೊರಗೆ. "ಹಿಂದಿನಿಂದ ಸದ್ದಿಲ್ಲದೆ ಹೋಗ್ತೀನಿ, ನೋಡ್ತಿರು" ಅನ್ನುತ್ತಾರೆ. ಮೊಲಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದಿನ ಒಂದಿಷ್ಟು ಜಾಗ. ಅಂದರೆ ಇವರ ಗುಟ್ಟಿನ ನಡಿಗೆಯನ್ನು ಅದು ಮೊದಲಿನಿಂದ ಕೊನೆಯವರೆಗೂ ನೋಡುತ್ತಲೇ ಇರುತ್ತದೆ.

ಮಾವನವರದು ಬೇರೆ ಲೆಕ್ಕ. ಚಿಕ್ಕಂದಿನಲ್ಲಿ ಬಲೆ ಹಾಕಿ ಮೊಲ ಹಿಡಿದವರ ಕಥೆಗಳೆಲ್ಲ ಅವರ ಬಾಯಲ್ಲಿವೆ. (ಈಗ ಕಾಡುಮೊಲಕ್ಕೆ ಕೈ ಹಾಕಿದರೆ 1972ರ ವನ್ಯಜೀವಿ ಕಾಯ್ದೆ ಇದೆ, ಮಾವ, ಜೋರಾಗಿ ಹೇಳಬೇಡಿ.) ಅವರು ರೇಷ್ಮೆಹುಳ ಸಾಕುವ ಮನೆಯಿಂದ ಹಳೆ ಚಂದ್ರಂಕಿ ಹೊತ್ತು ತಂದರು. ಹಣ್ಣಾದ ಹುಳ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ ಅದು, ಆರಡಿ ಉದ್ದ, ನಾಲ್ಕಡಿ ಅಗಲ. ಅದನ್ನು ಗುರಾಣಿಯಂತೆ ಮುಂದೆ ಹಿಡಿದು ಹತ್ತಿಯನ್ನು ಮೂಲೆಗೆ ಒತ್ತಬೇಕು ಅನ್ನುವುದು ಯೋಜನೆ. ಒತ್ತಿದರು. ಆದರೆ ಚಂದ್ರಂಕಿಯ ಹಿಂದಿನಿಂದ ಮಾವನಿಗೆ ಎದುರಿನದು ಏನೂ ಕಾಣುವುದಿಲ್ಲ. ಮೂಲೆಗೆ ಸಿಕ್ಕಿದ್ದು ಅತ್ತೆ. ಅತ್ತೆ ತೆಲುಗಿನಲ್ಲಿ ಬೈದರು. ಹತ್ತಿ ಆಗಲೇ ಅಡುಗೆಮನೆ ಸೇರಿತ್ತು.

ಕೊನೆಗೆ ಒಮ್ಮೆ ನಮ್ಮವರು ಹಿಡಿದೇ ಬಿಟ್ಟರು, ಎತ್ತಿಯೂ ಬಿಟ್ಟರು. ಅದು ಹಿಂಗಾಲಿನಿಂದ ಒದ್ದ ಗುರುತು ಇನ್ನೂ ಮೊಣಕೈಯಲ್ಲಿದೆ. ಉಗುರು ಕತ್ತರಿಸಲು ಹೋದಾಗ ಪಶುವೈದ್ಯರು ಗಾಯ ನೋಡಿ, ನಿಮಗೆ ಇಷ್ಟೇ ಆಗಿದ್ದು ಪರವಾಗಿಲ್ಲ, ಅದಕ್ಕೆ ಏನಾದರೂ ಆಗಿದ್ದರೆ ಅಂದರು. ಮೊಲದ ಮೂಳೆ ತುಂಬ ಹಗುರ, ಹಿಂಗಾಲು ತುಂಬ ಬಲ. ಆಧಾರವಿಲ್ಲದೆ ಎತ್ತಿದರೆ ಕೊಸರಾಡಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಮೇಲಿನಿಂದ ಕೈ ಬಂದರೆ ಅದಕ್ಕೆ ಹದ್ದು ಬಂದ ಹಾಗೆ. ಅವತ್ತಿಗೆ ಮನೆಯಲ್ಲಿ ಬೇಟೆ ನಿಂತಿತು.

ಇಷ್ಟು ದಿನ ಸುಮ್ನೆ ಕಾಫಿ ಕುಡಿಯುತ್ತಾ ನೋಡುತ್ತಿದ್ದ ನನಗೆ ಆಗ ಸರದಿ ಬಂತು. ಬಯಲಲ್ಲಿ ಮಲಗುವ ನಮ್ಮ ಕಾಡುಮೊಲದ ಜಾತಿಯಲ್ಲ ಇದು. ಸಾಕುಮೊಲದ ಮೂಲ ಯುರೋಪಿನ ಬಿಲ ತೋಡುವ ಮೊಲ. ಕತ್ತಲೆಯ ಕಿಂಡಿ ಕಂಡರೆ ಅದಕ್ಕೆ ಸ್ವಂತ ಮನೆ. ಹಾಗಾದರೆ ಮಂಚದ ಕೆಳಗೆ ನುಗ್ಗಿದ್ದರಲ್ಲಿ ಅದರ ತಪ್ಪೇನು? ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಕಡೆ ತೆರೆದಿದ್ದ ಗೂಡಿಗಿಂತ ಅತ್ತೆಯ ಟ್ರಂಕಿನ ಸಂದು ಎಷ್ಟೋ ವಾಸಿ. ಮಂಚದ ಕೆಳಗೆ ಹಲಗೆ ಅಡ್ಡ ಇಟ್ಟೆವು. ಗೂಡನ್ನು ಮೂಲೆಗೆ ಸರಿಸಿ ಮೇಲೆ ಹಳೆ ಸೀರೆ ಹೊದಿಸಿದೆವು.

ಹೊತ್ತೂ ಬದಲಾಯಿತು. ಮೊಲ ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ದೀಪ ಹಚ್ಚುವ ಹೊತ್ತಿಗೆ ಆಗಷ್ಟೇ ಎದ್ದ ಪ್ರಾಣಿಯನ್ನು 'ಹೋಗಿ ಮಲಗು' ಅಂತ ಅಟ್ಟುತ್ತಿದ್ದೆವು. ಈಗ ಬೆಳಗ್ಗೆ ಬೇಗ ಬಿಡುತ್ತೇವೆ. ಬಿಸಿಲೇರಿದರೆ ಅದಕ್ಕೇ ತೂಕಡಿಕೆ.

ಕ್ಯಾರೆಟ್ ತೋರಿಸಿ ಕರೆಯಿರಿ ಅಂತ ಪಕ್ಕದ ಮನೆಯವರ ಸಲಹೆ. ಕ್ಯಾರೆಟ್ಟಿನಲ್ಲಿ ಸಿಹಿ ಜಾಸ್ತಿ, ದಿನಾ ಕೊಡುವಂಥದ್ದಲ್ಲ. ನಮ್ಮೂರಿನಲ್ಲಿ ಅದಕ್ಕಿಂತ ಒಳ್ಳೆಯದು ಹೊಲದ ತುಂಬ ಇದೆ: ಹಿಪ್ಪುನೇರಳೆ ಸೊಪ್ಪು. ಔಷಧಿ ಹೊಡೆದ ಸೊಪ್ಪು ತಿಂದರೆ ಹುಳ ಸಾಯುತ್ತದೆ, ಆದ್ದರಿಂದ ಹುಳಕ್ಕೆ ಹಾಕುವ ಸೊಪ್ಪನ್ನೇ ಹತ್ತಿಗೂ ಕೊಡುತ್ತೇವೆ. ಸೊಪ್ಪು ಸಿಗುವುದು ಗೂಡಿನ ಒಳಗೆ ಮಾತ್ರ. ಹಾಕುವ ಮೊದಲು ಸ್ಟೀಲ್ ಡಬ್ಬಿಯ ಮುಚ್ಚಳ ಟಣ್ ಅನ್ನಿಸುವುದು. ಒಳಗೆ ಹೋದ ತಕ್ಷಣ ಬಾಗಿಲು ಹಾಕದಿರುವುದು, ಇದು ಮುಖ್ಯ. ಸೊಪ್ಪು ತಿಂದು ಹೊರಗೂ ಬರಲಿ, ಮತ್ತೆ ಹೋಗಲಿ. ಹೋದರೆ ಜೈಲು ಅಂತ ಒಮ್ಮೆ ಅದರ ತಲೆಗೆ ಬಂದರೆ ಮುಗಿಯಿತು.

ಕೆಲಸ ಆಯಿತು. ಟಣ್ ಅಂದರೆ ಹತ್ತಿ ಎಲ್ಲಿದ್ದರೂ ಓಡಿ ಬಂದು ಗೂಡು ಸೇರುತ್ತದೆ. ನಮ್ಮವರಂತೂ ಇದು ತಮ್ಮದೇ ಉಪಾಯ ಅಂತ ಊರೆಲ್ಲ ಹೇಳಿಕೊಂಡು ಬಂದರು. ಬರಲಿ ಬಿಡಿ.

ತೊಂದರೆ ಅಂದರೆ, ನಮ್ಮ ಮನೆಯಲ್ಲಿ ಸ್ಟೀಲ್ ಡಬ್ಬಿ ಅದೊಂದೇ ಅಲ್ಲವಲ್ಲ. ಪುರಿ ಡಬ್ಬಿ, ಚಕ್ಲಿ ಡಬ್ಬಿ, ಸಕ್ಕರೆ ಡಬ್ಬಿ, ಎಲ್ಲದಕ್ಕೂ ಒಂದೇ ಸದ್ದು. ಯಾವುದು ತೆರೆದರೂ ಹತ್ತಿ ಗೂಡಿಗೆ ಹೋಗಿ ಕೂರುತ್ತದೆ. ಸೊಪ್ಪು ಬರದಿದ್ದರೆ ಹಿಂಗಾಲಿನಿಂದ ಧಡ್ ಅಂತ ನೆಲ ಗುದ್ದುತ್ತದೆ. ಕೊಡದಿದ್ದರೆ ನಾಳೆ ನಂಬುವುದಿಲ್ಲ, ಹಾಗಾಗಿ ಕೊಡಲೇಬೇಕು. ಮೊನ್ನೆ ನೆಂಟರು ಬಂದಿದ್ದರು. ಕಾಫಿ ಜೊತೆಗೆ ಚಕ್ಲಿ ಕೊಡೋಣ ಅಂತ ಎದ್ದೆ.

"ಡಬ್ಬಿ ಮುಟ್ಟಬೇಡಮ್ಮ," ಮಾವ ಕೂತಲ್ಲಿಂದಲೇ ಪಿಸುಗುಟ್ಟಿದರು, "ಸೊಪ್ಪು ಮುಗಿದಿದೆ."

ನೆಂಟರಿಗೆ ಬರೀ ಕಾಫಿ ಸಿಕ್ಕಿತು.